ತರಬೇತುದಾರರಿಲ್ಲದೆ ದೂರದ ಓಟ

ದೂರದ ಓಟ ಓಡಬೇಕೆಂಬ ಆಸೆ ಇದೆ, ಆದರೆ ನಮ್ಮೂರಿನಲ್ಲಿ ತರಬೇತುದಾರರಿಲ್ಲ ಎನ್ನುವವರು ನಿಮ್ಮಲ್ಲಿ ಅನೇಕರು. ಇಂಥವರು ಸೋಮಾರಿತನದಿಂದ ಕೆಡುವುದು ಕಡಿಮೆ, ಅತಿ ಉತ್ಸಾಹದಿಂದ ಕೆಡುವುದೇ ಹೆಚ್ಚು. 'ಇವತ್ತಿಗೆ ಸಾಕು' ಎಂದು ಹೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲವಲ್ಲ!

ನಾನೂ ಹಾಗೆ ಕೆಟ್ಟವನೇ. ಬಿ.ಎಸ್ಸಿ. ಓದುವಾಗ ಅಂತರ ಕಾಲೇಜು 10 ಕಿ.ಮೀ. ಸ್ಪರ್ಧೆಗೆಂದು ಪ್ರತಿದಿನ ಗಡಿಯಾರ ನೋಡಿಕೊಂಡು, ನಿನ್ನೆಗಿಂತ ಇಂದು ಜೋರಾಗಿ ಓಡಿದೆ. ಮೂರು ವಾರಗಳಲ್ಲಿ ಏದುಸಿರು ಕಡಿಮೆಯಾಯಿತು, ಹುರುಪು ಹೆಚ್ಚಿತು. ಐದನೆಯ ವಾರ ಮುಂಗಾಲಿನ ಮೂಳೆಯಲ್ಲಿ, ಒಂದೇ ಜಾಗದಲ್ಲಿ, ಬೆರಳಿಟ್ಟರೆ ಸಾಕು, ನೋವು. ಸ್ಪರ್ಧೆಯ ದಿನ ಮೈದಾನದ ಕಟ್ಟೆಯ ಮೇಲೆ ಕುಳಿತು ಚಪ್ಪಾಳೆ ತಟ್ಟಿದೆ.

ಆಗಿದ್ದೇನು? ದೇಹದ ಭಾಗಗಳೆಲ್ಲ ಒಂದೇ ವೇಗದಲ್ಲಿ ಪಳಗುವುದಿಲ್ಲ. ಹೃದಯ ಮತ್ತು ರಕ್ತ ಕೆಲವೇ ವಾರಗಳಲ್ಲಿ ಹೊಂದಿಕೊಳ್ಳುತ್ತವೆ. ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ಹರಿಯುತ್ತದೆ. ಮೂಳೆಯ ರೀತಿಯೇ ಬೇರೆ. ಹೊಸ ಭಾರ ಬಿದ್ದಾಗ ಅದು ಮೊದಲು ಹಳೆಯ ಪದರವನ್ನು ಕರಗಿಸುತ್ತದೆ, ಆಮೇಲೆ ಹೊಸದನ್ನು ಕಟ್ಟುತ್ತದೆ. ಕರಗಿಸಲು ವಾರಗಳು ಸಾಕು, ಕಟ್ಟಲು ತಿಂಗಳುಗಳು ಬೇಕು. ಈ ನಡುವಿನ ಅವಧಿಯಲ್ಲಿ ಮೂಳೆ ಮೊದಲಿಗಿಂತ ದುರ್ಬಲ. ಉಸಿರು 'ಓಡು' ಎನ್ನುವ ಹೊತ್ತಿಗೆ ಸರಿಯಾಗಿ ಕಾಲು ಇನ್ನೂ ಸಿದ್ಧವಾಗಿರುವುದಿಲ್ಲ.

ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ಎಂಬಾತ ಷೂ ಕಾರ್ಖಾನೆಯ ಕೆಲಸಗಾರ. ತನ್ನ ದೇಹವನ್ನೇ ಪ್ರಯೋಗಶಾಲೆ ಮಾಡಿಕೊಂಡು, ಎಷ್ಟು ಓಡಿದರೆ ಕಡಿಮೆ, ಎಷ್ಟು ಓಡಿದರೆ ಅತಿ ಎಂದು ವರ್ಷಗಟ್ಟಲೆ ಪರೀಕ್ಷಿಸಿದ. ಮೊದಲು ತಿಂಗಳುಗಟ್ಟಲೆ ಹಿತವಾದ ವೇಗದ ದೀರ್ಘ ಓಟ, ಜೋರು ಓಟ ಆಮೇಲೆ ಎಂಬುದು ಆತ ಕಂಡುಕೊಂಡ ಕ್ರಮ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಆತನ ಶಿಷ್ಯರಾದ ಪೀಟರ್ ಸ್ನೆಲ್ 800 ಮೀಟರಿನಲ್ಲೂ ಮರ್ರೆ ಹಾಲ್ಬರ್ಗ್ 5000 ಮೀಟರಿನಲ್ಲೂ ಒಂದೇ ದಿನ ಚಿನ್ನ ಗೆದ್ದರು.

ನಿಧಾನದ ಓಟ ವ್ಯರ್ಥವೆಂದು ಭಾವಿಸಬೇಡಿ. ಸ್ನಾಯುಗಳಲ್ಲಿ ಲೋಮನಾಳಗಳು ಹೆಚ್ಚುವುದು, ಜೀವಕೋಶದ ಶಕ್ತಿಕೇಂದ್ರಗಳಾದ ಮೈಟೊಕಾಂಡ್ರಿಯಗಳು ವೃದ್ಧಿಯಾಗುವುದು, ಕೊಬ್ಬನ್ನು ಇಂಧನವಾಗಿ ಬಳಸುವ ಶಕ್ತಿ ಬೆಳೆಯುವುದು ಇಂಥ ಓಟದಲ್ಲೇ. ಸರಿಯಾದ ವೇಗ ತಿಳಿಯಲು ಯಂತ್ರ ಬೇಡ. ಜೊತೆಗಾರನೊಡನೆ ಪೂರ್ಣ ವಾಕ್ಯಗಳಲ್ಲಿ ಮಾತನಾಡಿಕೊಂಡು ಓಡಲು ಸಾಧ್ಯವಾಗಬೇಕು. ಒಬ್ಬರೇ ಇದ್ದರೆ ಮಗ್ಗಿ ಹೇಳಿಕೊಳ್ಳಿ (ನಗುವವರು ನಗಲಿ). ಹದಿಮೂರರ ಮಗ್ಗಿ ಅರ್ಧಕ್ಕೇ ತುಂಡಾದರೆ ವೇಗ ಹೆಚ್ಚಾಯಿತೆಂದು ಅರ್ಥ. ಮಗ್ಗಿಯೇ ಬಾರದಿದ್ದರೆ ಮಾತು ಬೇರೆ!

ವಾರದಲ್ಲಿ ನಾಲ್ಕು ದಿನ ಓಡಿದರೆ ಮೂರು ದಿನ ಹೀಗೇ ಓಡಿ. ಉಳಿದ ಒಂದು ದಿನ ಏರುದಾರಿಯಲ್ಲೋ ಮೈದಾನದಲ್ಲೋ ಜೋರಾಗಿ ಓಡಬಹುದು, ಅದೂ ಮೊದಲ ಎರಡು ತಿಂಗಳು ಕಳೆದ ಮೇಲೆ. ಮೂರು ವಾರ ದೂರವನ್ನು ಸ್ವಲ್ಪ ಸ್ವಲ್ಪವೇ ಏರಿಸಿ, ನಾಲ್ಕನೆಯ ವಾರ ಇಳಿಸಿ. ರಾಯಚೂರು, ಕಲಬುರಗಿ ಕಡೆಯವರು ಬೇಸಿಗೆಯಲ್ಲಿ ಸೂರ್ಯೋದಯಕ್ಕೆ ಮೊದಲೇ ಓಟ ಮುಗಿಸುವುದು ಒಳ್ಳೆಯದು.

ತರಬೇತುದಾರರ ಸ್ಥಾನದಲ್ಲಿ ಒಂದು ನೋಟುಪುಸ್ತಕವಿರಲಿ. ಬೆಳಿಗ್ಗೆ ಎದ್ದು ಕೂರುವ ಮೊದಲೇ ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಿ ಬರೆಯಿರಿ. ದಿನವೂ 62ರ ಸುಮಾರಿಗೆ ಇರುವುದು ಒಂದು ದಿನ 72 ಆಗಿ, ಕಾಲೂ ಭಾರವೆನಿಸಿದರೆ ಆ ದಿನ ವಿಶ್ರಾಂತಿ. ನಿದ್ದೆ ಎಷ್ಟು, ನೋವು ಎಲ್ಲಿ ಎಂಬುದನ್ನೂ ಬರೆದಿಡಿ.

ಪೊಲೀಸ್ ಅಥವಾ ಸೇನಾ ಭರ್ತಿಯ ಓಟಕ್ಕೆ ಸಿದ್ಧರಾಗುವವರಿಗೆ ಇದನ್ನು ಮುಖ್ಯವಾಗಿ ಹೇಳಬೇಕು. ಪ್ರಕಟಣೆ ಬಂದ ಮೇಲೆ ಓಡಲು ಹೊರಟರೆ ಉಸಿರಿಗೆ ಕಾಲಾವಕಾಶ ಸಿಕ್ಕೀತು, ಮೂಳೆಗೆ ಸಿಗುವುದಿಲ್ಲ. ಓಡುತ್ತಾ ಹೋದಂತೆ ಮಾಯವಾಗುವ ಮೈಕೈ ನೋವಿಗೆ ಹೆದರಬೇಕಾಗಿಲ್ಲ. ಓಡಿದಷ್ಟೂ ಹೆಚ್ಚುವ, ಮೂಳೆಯ ಒಂದೇ ಬಿಂದುವಿನಲ್ಲಿರುವ ನೋವಾದರೆ ಅಂದೇ ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಎದೆನೋವು, ತಲೆಸುತ್ತು ಬಂದರೂ ಹಾಗೆಯೇ.