ಬೋದಿಲೇರನ ಕಾವ್ಯ ಮತ್ತು ಅದರ ಇಂಗ್ಲಿಷ್ ಭಾಷಾಂತರ

ಕಾವ್ಯವು ನ್ಯಾಯಾಸ್ಥಾನದ ಮುಂದೆ ನಿಲ್ಲಬೇಕಾದ ಪ್ರಸಂಗಗಳು ಸಾಹಿತ್ಯಚರಿತ್ರೆಯಲ್ಲಿ ವಿರಳವಲ್ಲ. ಅಂಥ ಪ್ರಸಂಗವು ಭಾಷಾಂತರಕಾರನಿಗೂ ಪಾಠವಾಗಬಲ್ಲುದೆಂಬುದಕ್ಕೆ ಫ್ರೆಂಚ್ ಕವಿ ಶಾರ್ಲ್ ಬೋದಿಲೇರನ ‘ಲೆ ಫ್ಲರ್ ದ್ಯು ಮಾಲ್’ ಒಂದು ನಿದರ್ಶನ.

1857ರ ಜೂನ್ ತಿಂಗಳಲ್ಲಿ ಪ್ರಕಟವಾದ ಈ ಸಂಕಲನವು ಸಾರ್ವಜನಿಕ ನೀತಿಗೆ ವಿರುದ್ಧವಾದುದೆಂದು ಸರ್ಕಾರವು ಆಪಾದಿಸಿತು. ಅದೇ ವರ್ಷ ಫ್ಲೋಬೇರನ ‘ಮದಾಂ ಬೊವಾರಿ’ಯ ವಿರುದ್ಧ ವಾದಿಸಿ ಸೋತಿದ್ದ ಅರ್ನೆಸ್ಟ್ ಪಿನಾರನೇ ಇಲ್ಲಿಯೂ ಸರ್ಕಾರದ ವಕೀಲನಾಗಿದ್ದನು. ಆಗಸ್ಟ್ 20ರ ತೀರ್ಪಿನಂತೆ ಕವಿಗೆ 300 ಫ್ರಾಂಕುಗಳ ದಂಡ ಬಿದ್ದು, ಆರು ಕವಿತೆಗಳು ನಿಷಿದ್ಧವಾದುವು. ಗ್ರಂಥವನ್ನು ಅಖಂಡವಾಗಿ ನೋಡಿ ತೀರ್ಮಾನಿಸಬೇಕೆಂಬ ಕವಿಯ ವಾದಕ್ಕೆ ಮನ್ನಣೆ ದೊರೆಯಲಿಲ್ಲ. 1861ರ ಎರಡನೆಯ ಆವೃತ್ತಿಯಲ್ಲಿ ಆತನು ಆ ಆರನ್ನು ಬಿಟ್ಟು, ಹೊಸ ಕವಿತೆಗಳನ್ನು ಸೇರಿಸಿ, ಗ್ರಂಥವನ್ನು ಮರುಜೋಡಿಸಿದನು. 1867ರಲ್ಲಿ ಆತನು ತೀರಿಕೊಂಡನು. ನಿಷೇಧವು ರದ್ದಾದುದು 1949ರಲ್ಲಿ.

ಇಂಗ್ಲಿಷಿಗೆ ತರುವವನ ತೊಡಕು ಶೀರ್ಷಿಕೆಯಿಂದಲೇ ಮೊದಲಾಗುತ್ತದೆ. ಫ್ರೆಂಚಿನ ‘ಮಾಲ್’ ಶಬ್ದಕ್ಕೆ ಕೇಡು, ನೋವು, ರೋಗ ಎಂಬ ಅರ್ಥಗಳುಂಟು; ಅರ್ಪಣೆಯಲ್ಲಿ ಕವಿಯು ತನ್ನ ಹೂಗಳನ್ನು ರೋಗಗ್ರಸ್ತವೆಂದೇ ಸೂಚಿಸಿದ್ದಾನೆ. ರೂಢಿಯ ಇಂಗ್ಲಿಷ್ ಶೀರ್ಷಿಕೆಯಲ್ಲಿರುವ ‘ಈವಿಲ್’ ಎಂಬ ಶಬ್ದದಲ್ಲಿ ನೈತಿಕ ಅರ್ಥವೇ ಮುಂದಾಗಿ, ರೋಗವೇದನೆಗಳ ಧ್ವನಿ ಅಡಗುತ್ತದೆ. ಹೀಗೆ ಪಿನಾರನು ಕಂಡ ಅರ್ಥಕ್ಕೇ ಭಾಷಾಂತರವು ಅರಿಯದೆ ಒತ್ತು ಕೊಟ್ಟಂತಾಗುತ್ತದೆ. ಮೊದಲ ಭಾಗದ ಹೆಸರಿನಲ್ಲಿರುವ ‘ಸ್ಪ್ಲೀನ್’ ಶಬ್ದದ ಗತಿ ಇನ್ನೂ ವಿಚಿತ್ರವಾದುದು. ಫ್ರೆಂಚರು ಅದನ್ನು ಇಂಗ್ಲಿಷಿನಿಂದಲೇ ಪಡೆದು, ಕಾರಣವಿಲ್ಲದ ಘೋರ ಬೇಸರವನ್ನು ಸೂಚಿಸಲು ಬಳಸಿದರು. ತವರಿಗೆ ಹಿಂದಿರುಗಿದಾಗ ಅದು ಇಂದಿನ ಓದುಗನಿಗೆ ಸಿಡುಕನ್ನೋ ಗುಲ್ಮವೆಂಬ ಅಂಗವನ್ನೋ ನೆನಪಿಸುತ್ತದೆ.

ಇನ್ನು ಛಂದಸ್ಸು. ಹನ್ನೆರಡು ಅಕ್ಷರಗಳ ‘ಅಲೆಕ್ಸಾಂಡ್ರಿನ್’ ಪಾದವು ಫ್ರೆಂಚಿನಲ್ಲಿ ಸಹಜ, ಇಂಗ್ಲಿಷಿನಲ್ಲಿ ಭಾರವೆನಿಸುತ್ತದೆ. 1936ರಲ್ಲಿ ಎಡ್ನಾ ಸೇಂಟ್ ವಿನ್ಸೆಂಟ್ ಮಿಲೇ ಮತ್ತು ಜಾರ್ಜ್ ಡಿಲನ್ ಮೂಲದ ಪಾದದೈರ್ಘ್ಯವನ್ನು ಉಳಿಸಿಕೊಳ್ಳಲು ಯತ್ನಿಸಿದರು. 1952ರಲ್ಲಿ ರಾಯ್ ಕ್ಯಾಂಬೆಲ್ ಪ್ರಾಸವನ್ನು ಕಾಪಾಡಿದನು. 1982ರಲ್ಲಿ ರಿಚರ್ಡ್ ಹೋವರ್ಡ್ ಪ್ರಾಸವನ್ನು ತ್ಯಜಿಸಿದನು. ಪ್ರಾಸಕ್ಕೆ ಕಟ್ಟುಬಿದ್ದವನು ಮೂಲದಲ್ಲಿಲ್ಲದ ವಿಶೇಷಣಗಳನ್ನು ತುಂಬಬೇಕಾಗಬಹುದು; ಬಿಟ್ಟವನಿಗೆ ಬೇರೊಂದು ನಷ್ಟವುಂಟು. ಬೋದಿಲೇರನಲ್ಲಿ ವಸ್ತು ಎಷ್ಟು ಉದ್ವಿಗ್ನವೋ ರೂಪ ಅಷ್ಟೇ ಸಂಯಮಪೂರ್ಣ. ಈ ವಿರೋಧವೇ ಆತನ ಶಕ್ತಿ. ಸಂಯಮವು ಕಳೆದುಹೋದರೆ ಉಳಿಯುವುದು ವಿವಾದದ ವಸ್ತುವಷ್ಟೆ.

ಬಿಡಿಗವಿತೆಗಳನ್ನು ಆರಿಸಿ ಅನುವಾದಿಸುವ ಪದ್ಧತಿಯನ್ನೂ ಇಲ್ಲಿ ವಿಚಾರಿಸಬೇಕು. ಆರು ಕವಿತೆಗಳನ್ನು ಬೇರ್ಪಡಿಸಿ ಶಿಕ್ಷಿಸಿದುದು ನ್ಯಾಯಾಸ್ಥಾನ. ಕೆಲವನ್ನೇ ಬೇರ್ಪಡಿಸಿ ಮೆಚ್ಚುವುದು ಸಂಗ್ರಹಕಾರ. ಉದ್ದೇಶ ಬೇರೆಯಾದರೂ ಗ್ರಂಥದ ಕಟ್ಟಡಕ್ಕೆ ಒದಗುವ ಹಾನಿ ಒಂದೇ.

ಕನ್ನಡದಲ್ಲಿ ಪಿ. ಲಂಕೇಶರು ಈ ಕೃತಿಗೆ ‘ಪಾಪದ ಹೂಗಳು’ ಎಂಬ ಹೆಸರನ್ನಿತ್ತರು. ನಮ್ಮ ‘ಪಾಪ’ ಶಬ್ದವು ದೋಷವನ್ನು ಹೇಳುವಂತೆ, ‘ಅಯ್ಯೋ ಪಾಪ’ ಎಂಬಲ್ಲಿ ಮರುಕವನ್ನೂ ಹೇಳುತ್ತದೆ. ‘ಈವಿಲ್’ ಶಬ್ದಕ್ಕೆ ಎಟುಕದ ವೇದನೆಯ ಎಳೆಯೊಂದು ಹೀಗೆ ಕನ್ನಡದಲ್ಲಿ ಉಳಿದುಕೊಂಡಿದೆ.