ಕಡಲ ಕಾವಲಿನ ಕ್ಯಾಟಲಿನಾ ಬೆಳ್ಳಂದೂರು ಕೆರೆಗೂ ಇಳಿದಿತ್ತು

ಕಡಲ ಗಸ್ತಿನ ವಿಮಾನಕ್ಕೆ ವೇಗ ಮುಖ್ಯವಲ್ಲ. ಗಂಟೆಗಟ್ಟಲೆ ನೀರಿನ ಮೇಲೆ ಸುತ್ತುತ್ತಾ, ಕಣ್ಣಿಗೆ ಬಿದ್ದದ್ದನ್ನು ದಡಕ್ಕೆ ತಿಳಿಸುವುದೇ ಅದರ ಕೆಲಸ. ಎರಡನೇ ಮಹಾಯುದ್ಧದಲ್ಲಿ ಈ ಕೆಲಸಕ್ಕೆ ಹೆಸರಾಗಿದ್ದದ್ದು ಅಮೆರಿಕದ ಕ್ಯಾಟಲಿನಾ. ದೋಣಿಯಂಥ ಹೊಟ್ಟೆ, ಮೇಲೆ 31 ಮೀಟರ್ ದಾಟುವ ರೆಕ್ಕೆ, ಎರಡು ಎಂಜಿನ್, ಹಿಂಬದಿಯ ಎರಡೂ ಪಕ್ಕ ಉಬ್ಬಿದ ಗಾಜಿನ ಕಿಟಕಿ. ನೀರಿನಿಂದಲೇ ಏರಿ ನೀರಿಗೇ ಇಳಿಯುತ್ತಿತ್ತು.

ಈ ವಿಮಾನದ ಮಾತು ಬಂದಾಗ ನನಗೆ ಮೊದಲು ನೆನಪಾಗುವವರು ಪೈಲಟ್ ಏಡ್ರಿಯನ್ ಮಾರ್ಕ್ಸ್. 1945ರ ಜುಲೈ 30ರಂದು, ನಡುರಾತ್ರಿ ಕಳೆದ ಮೇಲೆ, ಜಪಾನಿನ ಜಲಾಂತರ್ಗಾಮಿಯ ಟಾರ್ಪೆಡೊ ತಗುಲಿ ಅಮೆರಿಕದ ‘ಇಂಡಿಯಾನಾಪೊಲಿಸ್’ ಯುದ್ಧನೌಕೆ ಹನ್ನೆರಡೇ ನಿಮಿಷದಲ್ಲಿ ಮುಳುಗಿತು. ಬಂದರಿಗೆ ಬರಬೇಕಿದ್ದ ಹಡಗು ಬಾರದಿದ್ದರೂ ಯಾರೂ ಹುಡುಕಲಿಲ್ಲ. ಆಗಸ್ಟ್ 2ರಂದು ಗಸ್ತು ವಿಮಾನದ ಪೈಲಟ್ ವಿಲ್ಬರ್ ಗ್ವಿನ್ ನೀರಿನ ಮೇಲೆ ಎಣ್ಣೆಯ ಪಸೆ ಕಂಡು ತಗ್ಗಿಗೆ ಬಂದರೆ, ಅಲ್ಲಿ ತೇಲುತ್ತಿದ್ದವರು ಮನುಷ್ಯರು! ಸುದ್ದಿ ಕೇಳಿ ಮಾರ್ಕ್ಸ್ ಕ್ಯಾಟಲಿನಾ ತಂದರು. ತೆರೆದ ಕಡಲಲ್ಲಿ ಇಳಿಯಕೂಡದೆಂದು ಅಪ್ಪಣೆಯಿತ್ತು. ಆದರೆ ಶಾರ್ಕ್‌ಗಳು ಜನರ ಮೇಲೆ ಬೀಳುವುದನ್ನು ಕಂಡ ಮೇಲೆ, ಸಿಬ್ಬಂದಿಯ ಒಪ್ಪಿಗೆ ಕೇಳಿ, ಎತ್ತರದ ಅಲೆಗಳ ನಡುವೆ ಇಳಿಸಿಯೇಬಿಟ್ಟರು. ಗುಂಪಿನಲ್ಲಿದ್ದವರು ಇನ್ನೊಂದಿಷ್ಟು ಹೊತ್ತು ತಾಳಿಯಾರೆಂದು ಒಂಟಿಯಾಗಿದ್ದವರನ್ನೇ ಮೊದಲು ಎತ್ತಿಕೊಂಡರು. ಒಳಗೆ ಜಾಗ ಸಾಲದಾದಾಗ ರೆಕ್ಕೆಯ ಮೇಲೆ ಮಲಗಿಸಿ ಪ್ಯಾರಾಚೂಟ್ ಹಗ್ಗದಿಂದ ಕಟ್ಟಿದರು. ಹೀಗೆ ಉಳಿದವರು 56 ಮಂದಿ. ಜಖಂಗೊಂಡ ವಿಮಾನ ಮತ್ತೆ ಏರಲಿಲ್ಲ. ರಾತ್ರಿ ಹಡಗು ಬರುವವರೆಗೂ ಅವರನ್ನು ಹೊತ್ತು ತೇಲಿತು.

ನಮ್ಮ ಕಡೆಯ ಕಡಲಿಗೂ ಕ್ಯಾಟಲಿನಾದ ಋಣವಿದೆ. ಜಪಾನಿನ ನೌಕಾಪಡೆ ಲಂಕೆಯತ್ತ ಬರುತ್ತಿರುವುದನ್ನು 1942ರ ಏಪ್ರಿಲ್ 4ರಂದು ಕಂಡು ರೇಡಿಯೊದಲ್ಲಿ ತಿಳಿಸಿದ್ದು ಅಲ್ಲಿನ ಕೊಗ್ಗಲದಿಂದ ಹೊರಟ ಕ್ಯಾಟಲಿನಾ. ಸುದ್ದಿ ಕಳುಹಿಸುತ್ತಿರುವಾಗಲೇ ಅದನ್ನು ಹೊಡೆದುರುಳಿಸಿದರು.

ಇನ್ನು ಬೆಂಗಳೂರು. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಜೊತೆಗೂಡಿ 1940ರಲ್ಲಿ ಆರಂಭಿಸಿದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಲ್ಲಿ ಅಮೆರಿಕದ ಸೇನೆಯ ದುರಸ್ತಿ ಡಿಪೊ ಆಯಿತು. ಕಡಲೇ ಇಲ್ಲದ ಊರಿಗೆ ಕ್ಯಾಟಲಿನಾಗಳು ಓವರ್‌ಹಾಲ್‌ಗೆ ಬರತೊಡಗಿದವು. ಇಳಿಯುತ್ತಿದ್ದದ್ದು ಹತ್ತಿರದ ಬೆಳ್ಳಂದೂರು ಕೆರೆಯಲ್ಲಿ.

ಅದೇ ಕೆರೆಯ ನೊರೆಗೆ 2015ರಲ್ಲಿ ಬೆಂಕಿ ಹತ್ತಿದ್ದನ್ನು ನಾವೆಲ್ಲ ಕಂಡಿದ್ದೇವೆ. ಜೀವ ಉಳಿಸುವ ವಿಮಾನಗಳು ಇಳಿದ ನೀರಿದು ಎಂದು ಕೆರೆಯ ಏರಿಯ ಮೇಲೆ ದೊಡ್ಡದಾಗಿ ಬರೆದು ನಿಲ್ಲಿಸಬೇಕು. ಹೂಳೆತ್ತಲು ಟೆಂಡರ್ ಕರೆಯುವವರೂ ಕೊಳಚೆ ಬಿಡುವವರೂ ಅದನ್ನು ಓದಲಿ.