ಪೆಟ್ರೋಲ್ ಆವಿಯ ಡಬ್ಬಿ: ಕಂಪ್ಯೂಟರ್ ಇಲ್ಲದೆ ಕೆಲಸ ಮಾಡುವ ಬಗೆ



ಗುಡಿಬಂಡೆ, ಮಡಕಶಿರಾ ಕಡೆಯ ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಟ್ಯಾಂಕಿನೊಳಗೆ ಪೆಟ್ರೋಲು ಬೇಗನೆ ಆವಿಯಾಗುತ್ತದೆ. ಅದು ಹೊರಬಿದ್ದರೆ ಹಣ ನಷ್ಟ, ಉಸಿರಿಗೆ ಕೆಡುಕು, ಬೆಂಕಿಯ ಭಯ. ಶೇಕಡಾ ೨೦ ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ೨೦೨೩ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. ಕಬ್ಬಿನಿಂದಲೂ ಬರುವ ಈ ಎಥನಾಲ್ ಸೇರಿದಾಗ ಪೆಟ್ರೋಲಿನ ಆವಿಯೊತ್ತಡ ಏರುವ ಗುಣವುಂಟು.

ಆವಿಯನ್ನು ಹಿಡಿದಿಡಲು ಕಾರಿನಲ್ಲಿ ಇದ್ದಿಲು ತುಂಬಿದ ಡಬ್ಬಿ ಇರುತ್ತದೆ. ಇದಕ್ಕೆ ಕ್ಯಾನಿಸ್ಟರ್ ಎನ್ನುತ್ತಾರೆ. ಇದಕ್ಕೆ ಮೂರು ದಾರಿಗಳು: ಒಂದು ಟ್ಯಾಂಕಿಗೆ, ಒಂದು ಹೊರಗಾಳಿಗೆ, ಮತ್ತೊಂದು ಎಂಜಿನ್ನಿಗೆ. ಗಾಡಿ ನಿಂತಾಗ ಇದ್ದಿಲು ಆವಿಯನ್ನು ಹೀರಿಕೊಳ್ಳುತ್ತದೆ. ಓಡುವಾಗ ಎಂಜಿನ್ನಿನ ಎಳೆತಕ್ಕೆ ಹೊರಗಾಳಿ ಇದ್ದಿಲ ಮೂಲಕ ನುಗ್ಗಿ, ಆವಿಯನ್ನು ಒಯ್ದು ಉರಿಸುತ್ತದೆ.

ಎಂಜಿನ್ನಿನ ದಾರಿಯಲ್ಲಿರುವ ವಾಲ್ವ್ ಕೆರೆಯ ತೂಬಿನಂತೆ. ಹೊಸ ಕಾರುಗಳಲ್ಲಿ ಇದಕ್ಕೆ ಕಂಪ್ಯೂಟರೇ ನೀರಗಂಟಿ. ಆದರೆ ಅಮೆರಿಕದಲ್ಲಿ ೧೯೭೦ರ ದಶಕದ ಕಾರ್ಬ್ಯುರೇಟರ್ ಕಾರುಗಳು ಕಂಪ್ಯೂಟರ್ ಇಲ್ಲದೆಯೇ ಈ ಕೆಲಸ ನಡೆಸಿದವು. ತೂಬು ಮೂರು ಸಂದರ್ಭಗಳಲ್ಲಿ ಮುಚ್ಚಿರಬೇಕು: ಎಂಜಿನ್ ನಿಂತಾಗ, ತಣ್ಣಗಿರುವಾಗ, ನಿಧಾನಗತಿಯಲ್ಲಿ ಓಡುವಾಗ. ಇಲ್ಲವಾದರೆ ಗಾಳಿ-ಪೆಟ್ರೋಲಿನ ಪ್ರಮಾಣ ಕೆಟ್ಟು ಎಂಜಿನ್ ತಡವರಿಸುತ್ತದೆ.

ಹಳೆಯ ಕಾರ್ಬ್ಯುರೇಟರ್ ಗಾಡಿಯಲ್ಲಿ ವಿದ್ಯುತ್ ವಾಲ್ವಿನ ಬದಲು ಎಳೆತದಿಂದ ತೆರೆಯುವ ಡಯಾಫ್ರಾಂ ವಾಲ್ವ್ ಹಾಕಬೇಕು. ಅದರ ತೆಳು ಕೊಳವೆಯನ್ನು ಥ್ರಾಟಲ್ ತಟ್ಟೆಯ ತುಸು ಮೇಲಿರುವ ರಂಧ್ರಕ್ಕೆ ಜೋಡಿಸಬೇಕು. ನಿಧಾನಗತಿಯಲ್ಲಿ ಅಲ್ಲಿ ಎಳೆತವಿರುವುದಿಲ್ಲ. ಆಕ್ಸಿಲರೇಟರ್ ಒತ್ತಿದಾಗ ಎಳೆತ ಬಂದು ತೂಬು ತೆರೆಯುತ್ತದೆ. ಇದೇ ಕೊಳವೆಯ ನಡುವೆ, ಎಂಜಿನ್ನಿನ ನೀರು ಬಿಸಿಯಾದ ಮೇಲೆ ಮಾತ್ರ ತೆರೆಯುವ ಉಷ್ಣ ವಾಲ್ವ್ ಇರತಕ್ಕದ್ದು. ಆವಿ ಸಾಗುವ ದಪ್ಪ ಕೊಳವೆ ಕಾರ್ಬ್ಯುರೇಟರಿನ ಕೆಳಗಿನ ಮ್ಯಾನಿಫೋಲ್ಡಿಗೆ ಸೇರುತ್ತದೆ.

ಗಮನದಲ್ಲಿಡಬೇಕಾದ ಅಂಶಗಳು:

೧. ಟ್ಯಾಂಕಿನ ಆವಿ ಕೊಳವೆಯನ್ನು ಮುಚ್ಚಬಾರದು. ಗಾಳಿಯಾಡದೆ ಪೆಟ್ರೋಲು ಎಂಜಿನ್ನಿಗೆ ಬರುವುದು ನಿಲ್ಲಬಹುದು. ತೆರೆದು ಬಿಟ್ಟರೆ ಬೆಂಕಿಗೆ ಆಹ್ವಾನ.

೨. ಟ್ಯಾಂಕನ್ನು ಕಂಠದವರೆಗೆ ತುಂಬಿಸಬಾರದು. ದ್ರವ ಪೆಟ್ರೋಲು ನುಗ್ಗಿದರೆ ಇದ್ದಿಲು ಕೆಡುತ್ತದೆ.

೩. ಹಳೆಯ ರಬ್ಬರನ್ನು ಎಥನಾಲ್ ಕೆಡಿಸುವುದರಿಂದ ಅದಕ್ಕೆ ತಾಳುವ ಕೊಳವೆಗಳನ್ನೇ ಬಳಸಿರಿ.

೪. ಈ ಕೆಲಸವನ್ನು ಎಂಜಿನ್ ತಣಿದ ಮೇಲೆ, ಬೀಡಿ-ದೀಪಗಳಿಂದ ದೂರ, ಬಲ್ಲ ಮೆಕ್ಯಾನಿಕ್ಕರಿಂದಲೇ ಮಾಡಿಸಿರಿ.

ಕಂಪ್ಯೂಟರ್ ಇರುವ ಕಾರಿಗೆ ಈ ಮಾರ್ಪಾಡು ಸಲ್ಲದು. ತಯಾರಕರ ಮೂಲ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಿಸುವುದನ್ನು ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಂ ತಡೆಯುತ್ತದೆ. ಅಲ್ಲಿ ಕೆಟ್ಟ ವಾಲ್ವನ್ನಷ್ಟೇ ಬದಲಿಸಿದರೆ ಸಾಕು. ಡೀಸೆಲ್ ಬೇಗ ಆವಿಯಾಗದ ಕಾರಣ ನಮ್ಮ ಟ್ರ್ಯಾಕ್ಟರುಗಳಿಗೆ ಈ ಡಬ್ಬಿಯ ಗೊಡವೆಯೇ ಇಲ್ಲ.